ಮೊದಲು ಟ್ಯಾಂಕರ್ ಎಣಿಸಿ, ಆಮೇಲೆ ಮನೆ ನೋಡಿ

ಕೆಂಗೇರಿ ಉಪನಗರದಲ್ಲಿ ಮನೆ ಮಾಡುತ್ತೇನೆ ಎಂದಾಗ ಬಾಮೈದ ಬಿದ್ದು ಬಿದ್ದು ನಕ್ಕ. "ಭಾವ, ಕೆಂಗೇರಿ ಅಂದ್ರೆ ಮೈಸೂರಿಗೆ ಅರ್ಧ ದಾರಿ ಹೋದ ಹಾಗೆ!" ಅವನು ಇರುವುದು ಹೊರವರ್ತುಲ ರಸ್ತೆಯ ಪಕ್ಕ. 2023ರಲ್ಲಿ ನಾವು ದಾವಣಗೆರೆಯಿಂದ ಬೆಂಗಳೂರಿಗೆ ಬಂದಾಗ ನಮ್ಮನ್ನು ಮೊದಲು ಅಲ್ಲೇ ಇಳಿಸಿದವನೂ ಅವನೇ.

ಆ ಮೊದಲ ಮನೆಯನ್ನು ನಾನು ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ. ರಸ್ತೆ ಖಾಲಿ, ಗಾಳಿ ಬೆಳಕು ಚೆನ್ನಾಗಿತ್ತು. ಬಾಡಿಗೆ 20 ಸಾವಿರ ದಾಟಬಾರದು ಎಂದುಕೊಂಡವನು 25 ಸಾವಿರಕ್ಕೆ ಒಪ್ಪಿದೆ. ಅಡ್ವಾನ್ಸ್ ಒಂದೂವರೆ ಲಕ್ಷ, ಮೇಂಟೆನೆನ್ಸ್ ಬೇರೆ. ಸೋಮವಾರ ಬೆಳಿಗ್ಗೆ ನೋಡಿದರೆ ಗೇಟಿನಿಂದ ಸ್ಕೂಟರ್ ಹೊರಗೆ ತೆಗೆಯಲಿಕ್ಕೇ ಹತ್ತು ನಿಮಿಷ. 2024ರ ಬೇಸಿಗೆಗೆ ಬೋರ್‌ವೆಲ್ ಕೈಕೊಟ್ಟಿತು. ಆ ಮಾರ್ಚ್‌ನಲ್ಲಿ 6,000 ಲೀಟರಿನ ಟ್ಯಾಂಕರಿಗೆ 5 ಕಿ.ಮೀ. ಒಳಗೆ 600 ರೂಪಾಯಿ ಎಂದು ಸರ್ಕಾರ ದರ ಕಟ್ಟಿತಲ್ಲ, ನಮ್ಮ ಗೇಟಿಗೆ ಆ ದರಕ್ಕೆ ಒಬ್ಬನೂ ಬರಲಿಲ್ಲ. ನೀರಿಗೇ ನಮ್ಮ ಪಾಲು ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು. ಮನೆ ಬಿಡುವಾಗ ಪೇಂಟಿಂಗ್, ಕ್ಲೀನಿಂಗ್ ಎಂದು 30 ಸಾವಿರದ ಮೇಲೆ ಮುರಿದುಕೊಂಡರು. ನಡುವೆ ಇನ್ನೊಂದು ಮನೆಗೆ ಬ್ರೋಕರ್ ಕೈಗೆ ಕೊಟ್ಟ ಟೋಕನ್ 10 ಸಾವಿರ, ಅದೂ ಹೋಯಿತು.

ಆಮೇಲೆ ಬುದ್ಧಿ ಬಂತು. ಆಫೀಸು ಎಂ.ಜಿ. ರಸ್ತೆ ಹತ್ತಿರ. ಹಾಗಾಗಿ ಅಲ್ಲಿಗೆ ನೇರ ಹೋಗುವ ಮೆಟ್ರೊ ನೇರಳೆ ಮಾರ್ಗದ ಪಶ್ಚಿಮದ ತುದಿ ಹಿಡಿದೆ. ಕೆಂಗೇರಿವರೆಗೆ ಮೆಟ್ರೊ ಬಂದಿದ್ದು 2021ರಲ್ಲಿ, ಆದರೂ ಬಾಡಿಗೆ ಇನ್ನೂ ಕೈಗೆ ಎಟುಕುವಂತಿತ್ತು. ಹಸಿರು ಮಾರ್ಗದಲ್ಲಿ ನಾಗಸಂದ್ರ, ತಲಘಟ್ಟಪುರ ಕೂಡ ಸುತ್ತಿದೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುವ ನೂಕುನುಗ್ಗಲು ನೆನೆದು ಬಿಟ್ಟುಬಿಟ್ಟೆ.

ಒಂದೊಂದು ಬಡಾವಣೆಗೂ ಮೂರು ಸಲ ಹೋಗುತ್ತಿದ್ದೆ. ಬೆಳಿಗ್ಗೆ ಆರಕ್ಕೆ ನಂದಿನಿ ಬೂತ್ ಎದುರು ಕಾಫಿ ಹಿಡಿದು ಟ್ಯಾಂಕರ್ ಎಣಿಸುವುದು. ಒಂದು ಗಂಟೆಯಲ್ಲಿ ಒಂದೇ ಕ್ರಾಸಿಗೆ ಮೂರು ನುಗ್ಗಿದರೆ ಸ್ಕೂಟರ್ ವಾಪಸ್. ಸಂಜೆ ನಾಲ್ಕರ ಮೇಲೆ ಸ್ಕೂಲ್ ವ್ಯಾನ್‌ಗಳು ಎಲ್ಲಿ ನಿಲ್ಲುತ್ತವೆ, ಮಕ್ಕಳು ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಾರಾ ಎಂದು ನೋಡುವುದು. ರಾತ್ರಿ ಒಂಬತ್ತರ ಸುತ್ತು ಮಾತ್ರ ಹೆಂಡತಿಯದು. ನನಗೆ ಹಗಲಲ್ಲಿ ತುಂಬಾ ಹಿಡಿಸಿದ್ದ ಒಂದು ಬೀದಿಯನ್ನು ಅವಳು ಒಂದೇ ನಿಮಿಷದಲ್ಲಿ ತೆಗೆದುಹಾಕಿದಳು. ಮೂಲೆಯಲ್ಲಿ ಬಾರ್ ಇತ್ತು, ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ!

ಈ ಸುತ್ತಾಟದಲ್ಲಿ 300 ರೂಪಾಯಿಯ ಒಂದು ಟಿಡಿಎಸ್ ಮೀಟರ್ ತಗೊಂಡೆ, ನೀರಿನಲ್ಲಿ ಲವಣ ಎಷ್ಟು ಕರಗಿದೆ ಎಂದು ತೋರಿಸುವಂಥದ್ದು. ಎಲ್ಲ ಓನರ್‌ಗಳೂ "ಕಾವೇರಿ ಇದೆ ಸಾರ್" ಎನ್ನುತ್ತಾರೆ. ವಾರಕ್ಕೆ ಎರಡು ದಿನ ಬಂದ ಕಾವೇರಿಯನ್ನು ಬೋರ್ ನೀರಿನ ಜೊತೆ ನೆಲದಡಿಯ ಸಂಪ್‌ಗೆ ಬಿಟ್ಟರೂ "ಇದೆ" ತಾನೆ? ಕುಡಿಯಲು ಒಂದು ಲೋಟ ನೀರು ಕೇಳಿ, ಅದರಲ್ಲಿ ಮೀಟರ್ ಅದ್ದುತ್ತಿದ್ದೆ. ಒಂದು ಕಡೆ 180 ತೋರಿಸಿದರೆ, ಇನ್ನೊಂದು ಕಡೆ 800 ದಾಟಿತು. ಒಬ್ಬ ಓನರ್ ಆಂಟಿಗೆ ಸಿಟ್ಟೇ ಬಂತು. "ಮನೆ ನೋಡೋಕೆ ಬಂದ್ರಾ, ಲ್ಯಾಬ್‌ನೋರಾ?" ಎಂದರು. ಅವರ ಮನೆಯದು ಆ 800.

ಕೆಂಗೇರಿ ಕಡೆ ಇನ್ನೊಂದು ಪರೀಕ್ಷೆ ಬೇಕೇ ಬೇಕು. ಕೊಳಚೆ ಹರಿಯುವ ವೃಷಭಾವತಿ ನದಿಯ ವಾಸನೆ. ಹಗಲಲ್ಲಿ ಗೊತ್ತಾಗದ ಬೀದಿಗಳೂ ಇವೆ. ಅದಕ್ಕೆ ಮಳೆ ನಿಂತ ಒಂದು ಸಂಜೆ ಅಮ್ಮನನ್ನು ಕರೆದುಕೊಂಡು ಹೋದೆ. ಅವರ ಮೂಗಿಗಿಂತ ಒಳ್ಳೆಯ ಮೀಟರ್ ಇಲ್ಲ. ಎರಡು ಮನೆ ಅಲ್ಲೇ ಕೈಬಿಟ್ಟೆವು.

ಕೊನೆಗೆ ಮನೆ ತೋರಿಸಿದ್ದು ಇಸ್ತ್ರಿ ಗಾಡಿಯವರು. ಯಾರ ಮನೆ ಯಾವ ತಿಂಗಳು ಖಾಲಿ ಆಗುತ್ತದೆ ಎಂದು ಟು-ಲೆಟ್ ಬೋರ್ಡಿಗಿಂತ ಮೊದಲೇ ಅವರಿಗೆ ಗೊತ್ತು. ಅವರನ್ನು ಸುಮ್ನೆ "ಮನೆ ಇದೆಯಾ" ಎಂದರೆ ಇಲ್ಲ ಎನ್ನುತ್ತಾರೆ. ಹೇಗೆ ಕೇಳಬೇಕು ಎಂಬುದು ನನ್ನ ಹತ್ತಿರವೇ ಇರಲಿ. ಎರಡು ಬೆಡ್‌ರೂಮು, ಬಾಡಿಗೆ 17 ಸಾವಿರ. ಒಂದೂವರೆ ಲಕ್ಷ ಕೇಳಿದ್ದ ಅಡ್ವಾನ್ಸ್ 80 ಸಾವಿರಕ್ಕೆ ಇಳಿಯಿತು. ಅದು ಹೇಗೆ ಎಂದೂ ಇಲ್ಲಿ ಬರೆಯಲ್ಲ, ನಮ್ಮ ಓನರ್ ಓದಿಬಿಟ್ಟರೆ ಕಷ್ಟ.

ಎಲ್ಲ ಲೆಕ್ಕವೂ ಸರಿಹೋಯಿತು ಎಂದಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ, ತಿಂಗಳಿಗೆ ಸಾವಿರದ ಹತ್ತಿರ ಜಾಸ್ತಿ ಆಯಿತು. ಆದರೂ ಹಳೆಯ ಮನೆಗೆ ಹೋಲಿಸಿದರೆ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚೇ ಉಳಿಯುತ್ತಿದೆ. ಮುಕ್ಕಾಲು ಗಂಟೆಯೊಳಗೆ ಆಫೀಸಿನ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಅಮ್ಮನಿಗೆ ದೇವಸ್ಥಾನ, ತರಕಾರಿ ಅಂಗಡಿ ಎರಡೂ ನಡೆದು ಹೋಗುವ ದೂರ.

ಬಾಮೈದ ಹೋದ ತಿಂಗಳು ಬಂದು ಟಿಡಿಎಸ್ ಮೀಟರ್ ತಗೊಂಡು ಹೋದ. ಇನ್ನೂ ವಾಪಸ್ ಕೊಟ್ಟಿಲ್ಲ.