ನ್ಯೂಜೆರ್ಸಿಯಲ್ಲಿ ಮನೆ ಹಿಡಿಯುವ ಮುಂಚೆ ಶಾಲೆಯ ದಾರಿ ನೋಡಿ

ದಾವಣಗೆರೆಯಲ್ಲಿ ಕೂತು ಮ್ಯಾಪ್ ನೋಡಿ ನ್ಯೂಜೆರ್ಸಿಯಲ್ಲಿ ಮನೆ ಗೊತ್ತು ಮಾಡುವವರು ಈಗ ಬಹಳ. ಶಾಲೆಯ ರೇಟಿಂಗು, ಬಾಡಿಗೆ, ರೈಲು ನಿಲ್ದಾಣ ಎಲ್ಲವನ್ನೂ ವಿಚಾರಿಸಿರುತ್ತಾರೆ. ಎಡವುವುದು ಒಂದೇ ಕಡೆ: ಮಗು ದಿನಾ ಶಾಲೆಗೆ ಹೋಗಬೇಕಾದ ದಾರಿ.

ವಿನೋಬನಗರದಲ್ಲೋ ಎಂಸಿಸಿ ಬ್ಲಾಕಿನಲ್ಲೋ ಬೆಳೆದವರ ತಲೆಯಲ್ಲಿ ಮೇನು-ಕ್ರಾಸಿನ ಲೆಕ್ಕ ಕೂತಿರುತ್ತದೆ. ಒಂದು ಕ್ರಾಸ್ ಅಗೆದಿದ್ದರೆ ಮುಂದಿನದರಲ್ಲಿ ಹೋದರಾಯಿತು. ಅಲ್ಲಿನ ಸಬ್‌ಡಿವಿಶನ್‌ಗಳು ಹಾಗಿಲ್ಲ. ಬೀದಿಗಳು ತುದಿಯಲ್ಲಿ ದುಂಡಗೆ ಸುತ್ತಿ ಅಲ್ಲೇ ಮುಗಿಯುತ್ತವೆ. ಕಲ್‌ಡಿಸ್ಯಾಕ್ ಅನ್ನುವುದು ಇದಕ್ಕೇ. ಇಡೀ ಬಡಾವಣೆಗೆ ಒಂದೋ ಎರಡೋ ಬಾಯಿ, ಅದೂ ದೊಡ್ಡ ರಸ್ತೆಗೆ. ಹಿತ್ತಲ ಬೇಲಿಯಾಚೆ ಶಾಲೆಯ ಮೈದಾನ ಕಾಣುತ್ತಿರುತ್ತದೆ, ನಡೆಯಬೇಕಾದ ದಾರಿ ಮಾತ್ರ ಎರಡೂವರೆ ಕಿಲೋಮೀಟರ್. ಅಶೋಕ ಟಾಕೀಸ್ ಬಳಿ ರೈಲ್ವೆ ಗೇಟ್ ಹಾಕಿದಾಗ ಎದುರಿನ ಅಂಗಡಿಯೂ ದೂರವಾಗುತ್ತಿತ್ತಲ್ಲ, ಹಾಗೆ. ಈ ಬೇಲಿ ಮಾತ್ರ ಯಾವತ್ತೂ ತೆಗೆಯುವುದಿಲ್ಲ.

ಬೇಸರದ ಸಂಗತಿಯೆಂದರೆ, ಇದಕ್ಕೆ ಪರಿಹಾರವೂ ಅದೇ ರಾಜ್ಯದಲ್ಲಿ ಹುಟ್ಟಿತ್ತು. ಫೇರ್ ಲಾನ್ ಊರಿನ ರ್‍ಯಾಡ್‌ಬರ್ನ್ ಬಡಾವಣೆಯನ್ನು 1929ರಲ್ಲಿ ವಾಸ್ತುಶಿಲ್ಪಿ ಕ್ಲಾರೆನ್ಸ್ ಸ್ಟೈನ್ ಮತ್ತು ನಗರ ಯೋಜಕ ಹೆನ್ರಿ ರೈಟ್ ರೂಪಿಸಿದಾಗ ಕಲ್‌ಡಿಸ್ಯಾಕಿನ ಜೊತೆಗೇ ಮನೆಗಳ ಹಿಂದೆ ಪಾರ್ಕು, ಪಾರ್ಕಿನೊಳಗೆ ಕಾಲುದಾರಿ, ರಸ್ತೆ ಅಡ್ಡ ಬಂದಲ್ಲಿ ಅಂಡರ್‌ಪಾಸ್ ಇಟ್ಟರು. ಮಕ್ಕಳು ಕಾರುಗಳ ನಡುವೆ ಹಾಯದೆ ಶಾಲೆ ಮುಟ್ಟಲಿ ಎಂಬುದೇ ಉದ್ದೇಶ. ಆಮೇಲಿನ ಬಿಲ್ಡರ್‌ಗಳು ಕುರುಡು ರಸ್ತೆಯನ್ನಷ್ಟೇ ಎತ್ತಿಕೊಂಡು ಕಾಲುದಾರಿಯನ್ನು ಬಿಟ್ಟರು.

ಈಗ ದುಡ್ಡು ಕೀಳುವ ಜಾಗಕ್ಕೆ ಬನ್ನಿ. "ಹಳದಿ ಬಸ್ಸು ಎಲ್ಲರಿಗೂ ಬರುತ್ತೆ ಬಿಡಿ" ಎಂಬ ಮಾತನ್ನು ನಂಬಬೇಡಿ. ನ್ಯೂಜೆರ್ಸಿ ಕಾನೂನಿನ ಪ್ರಕಾರ ಎಂಟನೇ ತರಗತಿವರೆಗಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಮನೆ 2 ಮೈಲಿಗಿಂತ, ಅಂದರೆ ಸುಮಾರು 3.2 ಕಿಲೋಮೀಟರಿಗಿಂತ ದೂರವಿದ್ದರೆ ಮಾತ್ರ ಬಸ್ಸು ಕಡ್ಡಾಯ. ಹೈಸ್ಕೂಲಿಗೆ 2.5 ಮೈಲಿ. ಅಳೆಯುವುದು ಸಾರ್ವಜನಿಕ ರಸ್ತೆ ಮತ್ತು ಕಾಲುದಾರಿಗಳ ಅತಿ ಹತ್ತಿರದ ಹಾದಿಯಲ್ಲಿ, ನಿಮ್ಮ ವಿಳಾಸಕ್ಕೆ ನಿಗದಿಯಾದ ಶಾಲೆಯವರೆಗೆ. ಪಕ್ಕದ ಶಾಲೆಯೇ ನಿಮ್ಮದಾಗಿರಬೇಕೆಂದಿಲ್ಲ. 1.9 ಮೈಲಿ ಬಂತೆಂದರೆ, ನಡುವೆ ಫುಟ್‌ಪಾತಿಲ್ಲದ ನಾಲ್ಕು ಲೇನಿನ ರಸ್ತೆಯಿದ್ದರೂ ಬಸ್ಸು ನಿಮ್ಮ ಹಕ್ಕಲ್ಲ. ಸೀಟಿದ್ದರೆ, ಸರ್ಕಾರಿ ಶಾಲೆಗಳನ್ನು ನಡೆಸುವ ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳು ದುಡ್ಡು ಕಟ್ಟಿಸಿಕೊಂಡು ಕೊಡುತ್ತವೆ. ಇಲ್ಲದಿದ್ದರೆ ದಿನಕ್ಕೆ ಎರಡು ಸಲ ಕಾರು, ಶಾಲೆ ಮುಂದಿನ ಸಾಲಿನಲ್ಲಿ ಕಾಯುವುದು. ಒಂದು ವರ್ಷದ ಲೀಸಿಗೆ ಸಹಿ ಹಾಕಿದ ಮೇಲೆ ಇದು ತಿಳಿದು ಪ್ರಯೋಜನವಿಲ್ಲ. ಸಹಿಗೆ ಮುಂಚೆಯೇ ಸ್ಕೂಲ್ ಡಿಸ್ಟ್ರಿಕ್ಟಿನ ಸಾರಿಗೆ ವಿಭಾಗಕ್ಕೆ ಮನೆಯ ಪೂರ್ತಿ ವಿಳಾಸ, ಮಗುವಿನ ತರಗತಿ ಬರೆದು ಇಮೇಲ್ ಹಾಕಿ. ಯಾವ ಶಾಲೆ, ಎಷ್ಟು ಮೈಲಿ, ಬಸ್ಸು ಉಂಟೇ ಎಂಬ ಮೂರಕ್ಕೂ ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಮ್ಯಾಪಿನಲ್ಲಿ ನಡಿಗೆಯ ದಾರಿ ಹಾಕಿ ನೋಡಿ, ಕಾರಿನದಲ್ಲ. ಅಲ್ಲಿರುವ ಪರಿಚಯದವರಿದ್ದರೆ ಶಾಲೆ ನಡೆಯುವ ದಿನ ಬೆಳಗ್ಗೆ ಆ ದಾರಿಯನ್ನು ಪೂರ್ತಿ ನಡೆಯಲು ಕೇಳಿಕೊಳ್ಳಿ. ಸೈಡ್‌ವಾಕ್ ನಡುವೆ ಕಡಿಯುತ್ತದೆಯೇ, ಎಷ್ಟು ಲೇನ್ ದಾಟಬೇಕು, ಮಕ್ಕಳನ್ನು ರಸ್ತೆ ದಾಟಿಸುವ ಕ್ರಾಸಿಂಗ್ ಗಾರ್ಡ್ ಎಲ್ಲಿ ನಿಲ್ಲುತ್ತಾರೆ, ಇಷ್ಟು ತಿಳಿದರೆ ಸಾಕು. ಎರಡು ಮನೆಗಳ ನಡುವಿನ ಕಿರುದಾರಿಯನ್ನು ನಂಬಿದ್ದರೆ, ಹಿಮ ಬಿದ್ದಾಗ ಅದನ್ನು ಯಾರು ತೆಗೆಯುತ್ತಾರೆಂದೂ ಕೇಳಿ.

ದೂರದ ವಿಷಯದಲ್ಲಿ ನಮ್ಮೂರಿನ ಮೇನು-ಕ್ರಾಸೇ ಮೇಲು. ರಸ್ತೆ ದಾಟುವ ಶಿಸ್ತಿನಲ್ಲಿ ಅವರದ್ದು ಬಹಳ ಮೇಲು: ಪಟ್ಟೆ ಬಳಿದ ಕ್ರಾಸ್‌ವಾಕಿನಲ್ಲಿ ಕಾಲಿಟ್ಟವರಿಗೆ ಕಾರು ನಿಲ್ಲಲೇಬೇಕು. ಆದರೂ ಮಕ್ಕಳಿಗೆ ಹೊಸದಾಗಿ ಕಲಿಸಬೇಕಾದ್ದಿದೆ. ಅಲ್ಲಿ ವಾಹನ ಬಲಬದಿಯಲ್ಲಿ ಓಡುವುದರಿಂದ ಮೊದಲು ನೋಡಬೇಕಾದ್ದು ಎಡಕ್ಕೆ. ನಡೆಯುವವರ ಸಿಗ್ನಲ್ಲಿನಲ್ಲಿ ಕೈಯ ಚಿತ್ರ ಮಿನುಗಲು ಶುರುವಾದರೆ, ದಾಟುತ್ತಿರುವವರು ಮುಗಿಸಬೇಕು, ನಿಂತವರು ಇಳಿಯಬಾರದು. ಆ ಮಿನುಗಿನ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ ಮೂರೂವರೆ ಅಡಿ ನಡಿಗೆಯಂತೆ ಲೆಕ್ಕ ಹಾಕಿರುತ್ತಾರೆ: 60 ಅಡಿ ರಸ್ತೆಗೆ ಸುಮಾರು 17 ಸೆಕೆಂಡು. ಬೆನ್ನ ಮೇಲೆ ಬ್ಯಾಗ್ ಹೊತ್ತ ಆರು ವರ್ಷದ ಮಗು ಅರ್ಧದಲ್ಲೇ ನಿಂತು ಹಿಂದಿರುಗಿ ನೋಡಿದರೆ ಅಷ್ಟು ಸಾಲುವುದಿಲ್ಲ. ಬೋರ್ಡು ಹಾಕಿ ತಡೆದಿರದ ಕಡೆ ಕೆಂಪು ದೀಪವಿದ್ದರೂ ಕಾರುಗಳು ನಿಂತು ನೋಡಿ ಬಲಕ್ಕೆ ತಿರುಗುತ್ತವೆ. ಡ್ರೈವರಿನ ಕಣ್ಣು ಆಗ ಎಡಗಡೆಯಿಂದ ಬರುವ ಕಾರುಗಳ ಮೇಲಿರುತ್ತದೆ, ಬಲಗಡೆಯ ಮಗುವಿನ ಮೇಲಲ್ಲ. ಡ್ರೈವರ್ ತನ್ನನ್ನು ನೋಡಿದ್ದು ಖಚಿತವಾಗುವವರೆಗೆ ಮಗು ಕಟ್ಟೆ ಇಳಿಯಬಾರದು.

ಸೈಕಲ್ಲಾದರೆ, 17 ತುಂಬದವರಿಗೆ ಹೆಲ್ಮೆಟ್ ಕಾನೂನಿನಲ್ಲೇ ಕಡ್ಡಾಯ.