ಕದ ಮುಚ್ಚಿರಬೇಕೋ, ತೆರೆದಿರಬೇಕೋ: ಹಳೆಯ ಕಚೇರಿಯಲ್ಲಿ ಅಗ್ನಿಸುರಕ್ಷತೆ ಮತ್ತು ವೀಲ್‌ಚೇರ್ ದಾರಿ

ಮರದ ಜಂತೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ಮದ್ರಾಸ್ ತಾರಸಿ, ಗಾರೆ ಗೋಡೆ, ಸಾಗುವಾನಿ ಕದಗಳ ಎರಡಂತಸ್ತಿನ ಸರ್ಕಾರಿ ಕಚೇರಿಯಲ್ಲಿ ಅಗ್ನಿಸುರಕ್ಷತೆಗೂ ವೀಲ್‌ಚೇರ್ ದಾರಿಗೂ ನಾವು ಒಂದೇ ನಕ್ಷೆ ಬರೆದೆವು. ಬೇರೆ ಬೇರೆ ಬರೆದರೆ ಜಗಳ ಕದದ ಹತ್ತಿರ ಬಂದು ನಿಲ್ಲುತ್ತದೆ. ಹೊಗೆ ತಡೆಯಲು ಕದ ತಾನಾಗಿ ಮುಚ್ಚಬೇಕು, ಗಾಲಿಕುರ್ಚಿಗೆ ಅದು ತೆರೆದಿರಬೇಕು.

ಒಳಬಾಗಿಲುಗಳ ಅಗಲ 1200 ಮಿ.ಮೀ., ಅಂದರೆ ಒಂದೊಂದು ಕದ 600. ಒಂದನ್ನೇ ತೆರೆದರೆ ಗಾಲಿಕುರ್ಚಿಗೆ ಬೇಕಾದ 900 ಸಿಗುವುದಿಲ್ಲ. ಹಾಗಾಗಿ ಎರಡನ್ನೂ 24 ವೋಲ್ಟ್ ಮ್ಯಾಗ್ನೆಟ್‌ಗಳಿಂದ ಹಿಡಿದಿಟ್ಟು, ಅಲಾರಂ ಆದಾಗ ಬಿಡುವಂತೆ ಮಾಡಿದೆವು. ಮ್ಯಾಗ್ನೆಟ್ಟನ್ನು ಗೋಡೆಗೆ ಕೂರಿಸಬೇಡಿ. ತೂತಿನೊಳಗೆ ಹಿಗ್ಗಿ ಹಿಡಿಯುವ ಎಕ್ಸ್‌ಪ್ಯಾನ್ಶನ್ ಬೋಲ್ಟ್ ಬಿಗಿದರೆ ಗಾರೆ ಬಿರಿದು ಇಟ್ಟಿಗೆ ಸಡಿಲವಾಗುತ್ತದೆ. ನೆಲಕ್ಕೆ ಕೂರುವ ಬ್ರಾಕೆಟ್ ಸಾಕು. ಕದಗಳ ಅಂಚು ಒಂದರ ಮೇಲೊಂದು ಕೂರುವಂಥದ್ದಾದರೆ ಅವು ಸರಿಯಾದ ಸರದಿಯಲ್ಲಿ ಮುಚ್ಚುವಂತೆ ಮಾಡುವ ಕೋಆರ್ಡಿನೇಟರ್ ಬೇಕೇಬೇಕು. ಇಲ್ಲದಿದ್ದರೆ ಮೇಲೆ ಕೂರಬೇಕಾದ ಕದ ಮೊದಲು ಮುಚ್ಚಿ, ಇನ್ನೊಂದು ಅದಕ್ಕೆ ತಗುಲಿ ಅರ್ಧಕ್ಕೇ ನಿಲ್ಲುತ್ತದೆ.

ಮ್ಯಾಗ್ನೆಟ್ಟಿಗೆ ಮಾಮೂಲಿ ಲೈನ್ ಕೊಟ್ಟರೆ ಕರೆಂಟ್ ಹೋದಾಗಲೆಲ್ಲ ಕದಗಳು ಧಡಾರನೆ ಮುಚ್ಚುತ್ತವೆ. ಎರಡನೇ ವಾರದಷ್ಟು ಹೊತ್ತಿಗೆ ಸಿಬ್ಬಂದಿ ಇಟ್ಟಿಗೆ ತಂದು ಅಡ್ಡ ಇಡುತ್ತಾರೆ, ಅವರ ತಪ್ಪೇನಿಲ್ಲ. ಬೆಂಕಿಯ ಅಲಾರಂ ನಡೆಸುವ ಫೈರ್ ಪ್ಯಾನೆಲ್‌ನ ಬ್ಯಾಟರಿಯಿಂದಲೇ ಕೊಡಿ.

ಹಳೆಯ ಕದದ ದಪ್ಪ ಚೌಕಟ್ಟು ಬೆಂಕಿಗೆ ನಿಲ್ಲುತ್ತದೆ, 12–15 ಮಿ.ಮೀ. ಹಲಗೆ ನಿಲ್ಲುವುದಿಲ್ಲ. ಕೆತ್ತನೆ ಇಲ್ಲದ ಮಗ್ಗುಲಿಗೆ ಬೆಂಕಿ ತಡೆಯುವ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಹಾಕಿ, ಹೆಚ್ಚಿದ ಭಾರಕ್ಕೆ ಮೂರನೇ ಹಿಂಜ್ ಸೇರಿಸಿದೆವು. ಅಂಚಿನಲ್ಲಿ ಕೊರೆದ ಸೀಳಿನಲ್ಲಿ, ಬಿಸಿಗೆ ಉಬ್ಬುವ ಇಂಟ್ಯುಮೆಸೆಂಟ್ ಪಟ್ಟಿ ಕೂರುತ್ತದೆ. ಸಂದು 3–4 ಮಿ.ಮೀ. ಇರಲಿ. ಬೇಸಿಗೆಯಲ್ಲಿ ಲೆಕ್ಕ ಹಾಕಿ ಕೂರಿಸಿದ ಕದ ಆಷಾಢದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಅಂತಿಮ ಹತ್ತರಿ ಮಳೆಗಾಲದಲ್ಲಿ ಹಾಕಿ.

ಮುಂಬಾಗಿಲಿನ 75 ಮಿ.ಮೀ. ಹೊಸ್ತಿಲನ್ನು ಕತ್ತರಿಸಲಿಲ್ಲ. ಕತ್ತರಿಸಿದರೆ ಬಾಗಿಲುವಾಡವೇ ಸಡಿಲ. 1:12ರಲ್ಲಿ, ಅಂದರೆ 12 ಪಾಲು ಉದ್ದಕ್ಕೆ 1 ಪಾಲು ಏರಿಕೆಯಂತೆ, ಎರಡೂ ಕಡೆ 900 ಮಿ.ಮೀ. ಇಳಿಜಾರು ಇಟ್ಟೆವು. ಒಳಗಿನ ಇಳಿಜಾರು ಕದವನ್ನು ತಡೆಯುವುದರಿಂದ ಈ ಬಾಗಿಲು ಹೊಗೆತಡೆಯ ಲೆಕ್ಕಕ್ಕೆ ಬರುವುದಿಲ್ಲ. ಹೊಗೆ ತಡೆಯುವ ಗೆರೆಯನ್ನು ಹೊಸ್ತಿಲಿಲ್ಲದ ಮೆಟ್ಟಿಲ ಕೋಣೆಯ ಬಾಗಿಲಿಗೆ ಸರಿಸಿ, ಒಳಕ್ಕೆ ತೆರೆಯುವ ಮುಂಬಾಗಿಲನ್ನು ಕಚೇರಿ ಹೊತ್ತಿನಲ್ಲಿ ಗೋಡೆಗೆ ಚಿಲಕ ಹಾಕಿ ತೆರೆದೇ ಇಡುವಂತೆ ಮಾಡಿದೆವು. ಜನ ಒಮ್ಮೆಲೇ ಓಡಿಬಂದರೆ ಒಳಕ್ಕೆಳೆಯುವ ಕದ ತೆರೆಯುವುದಿಲ್ಲ, ಆ ಚಿಂತೆಯೂ ಹೋಯಿತು.

ಜಗಲಿಯ ಎತ್ತರ 900 ಮಿ.ಮೀ. ಅದಕ್ಕೆ ರ‍್ಯಾಂಪು 10.8 ಮೀಟರ್, ನಡುವೆ 1.5 ಮೀಟರ್ ಸಮತಟ್ಟು, ಅಗಲ 1200 ಮಿ.ಮೀ., ಎರಡೂ ಕಡೆ 760 ಮತ್ತು 900 ಎತ್ತರದಲ್ಲಿ ಹಿಡಿಗಂಬಿ. ರ‍್ಯಾಂಪನ್ನು ಗೋಡೆಗೆ ಅಂಟಿಸದೆ 25 ಮಿ.ಮೀ. ಬಿಟ್ಟು ಕಟ್ಟಿ. ಸಿಮೆಂಟಿನಲ್ಲಿ ಬೆಸೆದರೆ ಸಂದಿಯ ನೀರನ್ನು ಗಾರೆ ಗೋಡೆ ಹೀರಿ, ಒಳಗೆ ಉಪ್ಪು ಒಡೆಯುತ್ತದೆ. ಪಾಲಿಶ್ ಕಲ್ಲು ಮಳೆಗೆ ಜಾರುತ್ತದೆ, ಬೆಂಕಿ ತಾಗಿಸಿ ಒರಟು ಮಾಡಿದ ಸಾದರಹಳ್ಳಿ ಗ್ರಾನೈಟ್ ಕಲ್ಲು ಸಾಕು. ಮೇಸ್ತ್ರಿಗಳಿಗೆ ತಳದಲ್ಲಿ ಇಳಿಜಾರನ್ನು ಕಡಿದಾಗಿಸುವ ಅಭ್ಯಾಸವಿದೆ. 1200 ಮಿ.ಮೀ. ಪಟ್ಟಿಯ ಕೆಳತುದಿಯ ಅಡಿಗೆ 100 ಮಿ.ಮೀ. ಎತ್ತರದ ಮರದ ತುಂಡು ಇಟ್ಟು ಸ್ಪಿರಿಟ್ ಲೆವೆಲ್ ನೋಡಿ. ಸಮವಾಗಿದ್ದರೆ 1:12 ಸರಿ.

ತಾರಸಿಯ ಸಾಗುವಾನಿ ಜಂತೆಗಳಿಗೆ ಹೆದರುವವರು ಬಹಳ. ಗಟ್ಟಿಮರ ನಿಮಿಷಕ್ಕೆ ಸುಮಾರು ಅರ್ಧ ಮಿ.ಮೀ.ನಂತೆ ಕರಕಾಗುತ್ತ ಹೋಗುತ್ತದೆ, ಒಳಗಿನ ತಿರುಳು ಭಾರ ಹೊರುತ್ತಲೇ ಇರುತ್ತದೆ. ನನ್ನ ಭಯ ಹೊದಿಕೆಯಿಲ್ಲದ ಉಕ್ಕಿನ ತೊಲೆಗಳದ್ದು. ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೆ ಅವುಗಳ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ತುಕ್ಕು ಕೆರೆದು ಇಂಟ್ಯುಮೆಸೆಂಟ್ ಬಣ್ಣ ಬಳಿದೆವು. ನಂತರದವರು ಹಾಕಿದ ಫಾಲ್ಸ್ ಸೀಲಿಂಗನ್ನು ತೆಗೆಸಿಬಿಟ್ಟೆವು. ಅದರ ಮೇಲೆ ಹಳೆಯ ವೈರು, ಪಾರಿವಾಳದ ಗೂಡು, ಒಣಹುಲ್ಲು ಎಲ್ಲ ಒಟ್ಟಿಗಿದ್ದವು.

ಲಿಫ್ಟಿಗೆ ಜಾಗವಿಲ್ಲದ್ದರಿಂದ ಜನ ಬರುವ ಕೌಂಟರುಗಳನ್ನೆಲ್ಲ ಕೆಳಗಿಳಿಸಿದೆವು. ಕಡೆಗೆ ಪ್ಯಾನೆಲ್‌ನ ಮುಖ್ಯ ಕರೆಂಟ್ ತೆಗೆದು ಅಲಾರಂ ಒತ್ತಿ, ಪ್ರತಿ ಕದ ಚಿಲಕದವರೆಗೆ ಮುಚ್ಚಿತೇ ಎಂದು ಕೈಯಿಂದ ತಳ್ಳಿ ನೋಡಬೇಕು. ಕಣ್ಣಿಗೆ ಮುಚ್ಚಿದಂತೆ ಕಂಡದ್ದು ಎಷ್ಟೋ ಸಲ ಮುಚ್ಚಿರುವುದಿಲ್ಲ.