ರಂಗದ ಮೇಲೆ ಸಕ್ಕರೆ ಪಾಕ: ಸೋರ್ ಹುವಾನಾ ಆಡಿದ ಅನುಭವ

ಸೋರ್ (ಅಂದರೆ ಸಿಸ್ಟರ್) ಹುವಾನಾ ಮೆಕ್ಸಿಕೋದ ಸನ್ಯಾಸಿನಿ, ಅದೂ 17ನೇ ಶತಮಾನದ ಕವಿ. ಆಕೆಯ ಮೇಲೆ ನಾಟಕ ಅಂದರೆ ಟಿಕೆಟ್ ಯಾರು ತಗೋತಾರೆ ಅಂತ ನಮ್ಮ ತಂಡದವರೇ ನಕ್ಕಿದ್ದರು. ಈಗ ಬೇರೆ ಊರಿನವರು ಫೋನ್ ಮಾಡಿ ಕರೆಯುತ್ತಾರೆ!

ಮೊದಲು ಮಾಡಿದ್ದು ಇಡೀ ಜೀವನಕಥೆ. ನೆಪಾಂತ್ಲಾದಲ್ಲಿ ಹುಟ್ಟು, ವೈಸ್‌ರಾಯ್ ಆಸ್ಥಾನ, 1669ರಲ್ಲಿ ಸಾನ್ ಹೆರೋನಿಮೋ ಮಠ, 1695ರಲ್ಲಿ ಪಿಡುಗಿಗೆ ಸಾವು. ಅರ್ಧ ಗಂಟೆಗೆಲ್ಲ ಜನ ಮೊಬೈಲ್ ತೆಗೆದರು. ಆಮೇಲೆ ಆಕೆಯ 975 ಸಾಲಿನ ಕನಸಿನ ಕವಿತೆಗೆ ಪ್ರೊಜೆಕ್ಟರ್ ಹಾಕಿ ನೋಡಿದ್ದಾಯಿತು. ಇಪ್ಪತ್ತು ಸಾವಿರದ ಹತ್ತಿರ ಹೋಯಿತು, ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಕೈ ಹಿಡಿದಿದ್ದು 1691ರ ಪತ್ರ. ಪ್ಯೂಬ್ಲಾ ಊರಿನ ಬಿಷಪ್ ‘ಸೋರ್ ಫಿಲೋತೆಯಾ’ ಅಂತ ಹೆಣ್ಣಿನ ಹೆಸರಿಟ್ಟುಕೊಂಡು, ಲೌಕಿಕ ಓದು ಕಡಿಮೆ ಮಾಡು ಅಂತ ಬುದ್ಧಿ ಹೇಳಿದ್ದರು. ಅದಕ್ಕೆ ಈಕೆ ಕೊಟ್ಟ ಉತ್ತರದಲ್ಲಿ ಅಡುಗೆಮನೆ ಬರುತ್ತದೆ. ಮೊಟ್ಟೆ ಎಣ್ಣೆಯಲ್ಲಿ ಕೂಡಿಕೊಳ್ಳುತ್ತದೆ, ಪಾಕದಲ್ಲಿ ಚೂರಾಗುತ್ತದೆ. ಹುಳಿ ಹಣ್ಣು ನೆನೆಸಿದ ನೀರು ಚೂರು ಬಿದ್ದರೂ ಸಾಕು, ಸಕ್ಕರೆ ಗಟ್ಟಿಯಾಗುವುದಿಲ್ಲ. ಅರಿಸ್ಟಾಟಲ್ ಅಡುಗೆ ಮಾಡಿದ್ದರೆ ಇನ್ನೂ ಎಷ್ಟೋ ಬರೆಯುತ್ತಿದ್ದ ಅನ್ನುವ ಮಾತೂ ಅಲ್ಲೇ ಇದೆ. ಇದನ್ನು ಒಲೆ ಮುಂದೆ ನಿಂತು ಹೇಳಬೇಕು. ಇಲ್ಲದಿದ್ದರೆ ಬರೀ ಭಾಷಣ, ಅಲ್ವಾ?

ಪಾಕವನ್ನೇ ರಂಗಕ್ಕೆ ತಂದೆ. ಗ್ಯಾಸ್ ಒಲೆಗೆ ಸಭಾಂಗಣದವರು ಒಪ್ಪಲಿಲ್ಲ. ಇಂಡಕ್ಷನ್ ಇಟ್ಟರೆ ಲೈಟಿನ ಲೈನೇ ಟ್ರಿಪ್ ಆಯಿತು. ಈಗ ಬೇರೆ ಲೈನು ಕೇಳಿ ಹಾಕಿಸುತ್ತೇನೆ. ಮೊಟ್ಟೆ ಒಡೆದು ಪಾಕಕ್ಕೆ ಬಿಟ್ಟಾಗ ಮುಂದಿನ ಸಾಲು ಕತ್ತು ಚಾಚುತ್ತದೆ. ಇನ್ನೊಂದು ಪಾತ್ರೆಗೆ ನಿಂಬೆ ಹಿಂಡಿದರೆ ಹೆಂಗಸರ ಕಡೆಯಿಂದ ‘ಹೌದ್ಹೌದು’ ಅಂತ ಕೇಳಿಸುತ್ತದೆ. ಅರಿಸ್ಟಾಟಲ್ ಮಾತಿಗೂ ಒಂದೆಳೆ ಪಾಕಕ್ಕೂ ಸರಿಯಾಗಿ ತಾಳೆ ಆಗಬೇಕು. ಅದು ಹೇಗೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು. ಒಂದು ಆಟದ ಸಾಮಾನಿಗೆ ನೂರೈವತ್ತು ರೂಪಾಯಿ ಆಸುಪಾಸು. ಹಾಕಿದ ಅರವತ್ತು ಸಾವಿರ ಚಿಲ್ಲರೆ ಹೋದ ವರ್ಷವೇ ವಾಪಸ್ ಬಂತು.

ಹುಡುಗಿಯಾಗಿದ್ದಾಗ ಪಾಠ ಬರಲಿಲ್ಲ ಅಂದರೆ ಹುವಾನಾ ಕೂದಲು ಕತ್ತರಿಸಿಕೊಳ್ಳುತ್ತಿದ್ದಳು. ಆಟಕ್ಕೊಂದು ವಿಗ್ಗು ಕತ್ತರಿಸುವಷ್ಟು ದುಡ್ಡಿಲ್ಲ, ಆ ದೃಶ್ಯ ಬಿಟ್ಟೆ. ಬುಗುರಿಯದು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಮಕ್ಕಳು ಬುಗುರಿ ಆಡುವಾಗ ನೆಲಕ್ಕೆ ಹಿಟ್ಟು ಚೆಲ್ಲಿಸಿ, ವೇಗ ಇಳಿದಂತೆ ಗೆರೆ ಸುರುಳಿಯಾಗುವುದನ್ನು ಆಕೆ ನೋಡಿದ್ದಳು. ಸುಮ್ನೆ ನಾನೂ ಮಾಡಿದೆ. ಅಕ್ಕಿ ಹಿಟ್ಟಿಗಿಂತ ಮೈದಾ ವಾಸಿ. ಆದರೆ ಸುರುಳಿ ಕಾಣುವುದು ಮೇಲೆ ಕೂತವರಿಗೆ. ಹಾಗಾಗಿ ಬಾಲ್ಕನಿ ಇದ್ದ ಕಡೆ ಮಾತ್ರ ಬುಗುರಿ ಒಯ್ಯುತ್ತೇನೆ.